ಊರುಕೇರಿ: ವಿಮರ್ಶಕರ ಸ್ವಾಗತ

‘ಊರುಕೇರಿ’ ಕವಿ ಸಿದ್ಧಲಿಂಗಯ್ಯ (1954–2021) ಅವರ ಆತ್ಮಕಥನ. ಮೊದಲ ಭಾಗ 1990ರ ದಶಕದಲ್ಲಿ ಪ್ರಕಟವಾಯಿತು. ಮುಂದೆ ಇನ್ನೆರಡು ಭಾಗಗಳು ಬಂದವು. ‘ಹೊಲೆಮಾದಿಗರ ಹಾಡು’ (1975) ಸಂಕಲನದ ಕೆಂಡದಂಥ ಕವಿಯನ್ನು ಬಲ್ಲ ಓದುಗರಿಗೆ ಇಲ್ಲಿ ಎದುರಾದದ್ದು ತಣ್ಣಗೆ, ನಗುನಗುತ್ತಾ ಕಥೆ ಹೇಳುವ ದನಿ. ಹರಿಹರದ ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದ, ತಮ್ಮ ಹಾಡುಗಳಿಂದಲೇ ಚಳವಳಿಗೆ ಕಸುವು ತುಂಬಿದ ಕವಿಯ ಬರವಣಿಗೆ ಇದು.

ವಿಮರ್ಶೆಯಲ್ಲಿ ಡಿ.ಆರ್. ನಾಗರಾಜ್ ಅವರ ಓದು ಮುಖ್ಯವಾದುದು. ಬಡವರ ನಗುವನ್ನು ಅವರು ಒಂದು ಶಕ್ತಿಯಾಗಿ ಕಂಡರು. ಈ ಮಾತು ಎಷ್ಟು ನಿಜ ಎಂಬುದು ಆರಂಭದ ಪ್ರಸಂಗದಲ್ಲೇ ತಿಳಿಯುತ್ತದೆ: ಹೊಲದಲ್ಲಿ ಇಬ್ಬರು ಆಳುಗಳ ಹೆಗಲಿಗೆ ನೊಗ ಹೂಡಿ ಉಳುತ್ತಿದ್ದಾರೆ, ಅವರಲ್ಲೊಬ್ಬರು ಬಾಲಕ ಸಿದ್ಧಲಿಂಗಯ್ಯನವರ ಅಪ್ಪ. ಲೇಖಕರು ಅಲ್ಲಿ ಕೂಗಾಡುವುದಿಲ್ಲ. ಕಂಡದ್ದನ್ನು ಹೇಳಿ ಮುಂದೆ ನಡೆಯುತ್ತಾರೆ. ಈ ಸಂಯಮವನ್ನು ಸಿಟ್ಟಿನ ಕೊರತೆ ಎಂದುಕೊಂಡರೆ ಕೃತಿ ಕೈತಪ್ಪುತ್ತದೆ. ಸ್ಮಶಾನದಲ್ಲಿ ಕೂತು ಓದಿದ ದಿನಗಳ ವಿವರದಲ್ಲೂ ಇದೇ ಧಾಟಿ ಇದೆ.

ಎಸ್.ಆರ್. ರಾಮಕೃಷ್ಣ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2003ರಲ್ಲಿ ಪ್ರಕಟಿಸಿತು.