ಮಂಡ್ಯ ಸೀಮೆಯ ನಾಟಕ ಮತ್ತು ತೆರೆಯ ಹಿಂದಿನ ಜಾಗ

ನಾಟಕದಲ್ಲಿ ಕಣ್ಣಿಗೆ ಕಾಣುವ ರಂಗದಷ್ಟೇ ಮುಖ್ಯವಾದದ್ದು ಕಾಣದ ರಂಗ. ಸಂಸ್ಕೃತ ನಾಟಕಕಾರರು ಅದನ್ನು ನೇಪಥ್ಯ ಎಂದರು. ನಟ ಬಣ್ಣ ಹಚ್ಚಿಕೊಳ್ಳುವುದು ಅಲ್ಲಿ. ಕಥೆಯ ಅರಮನೆ, ಕಾಡು, ರಣರಂಗಗಳಿಂದ ದನಿ ಕೇಳಿಬರುವುದೂ ಅಲ್ಲಿಂದಲೇ. ಕನ್ನಡ ರಂಗಭೂಮಿಯಲ್ಲಿ ಈ ಜಾಗದ ಚರಿತ್ರೆ ಬರೆಯಹೊರಟರೆ ಇಂದಿನ ಮಂಡ್ಯ ಜಿಲ್ಲೆಯಿಂದಲೇ ಶುರು ಮಾಡಬೇಕಾಗುತ್ತದೆ.

ಈಗ ದೊರೆಯುವ ಮೊದಲ ಕನ್ನಡ ನಾಟಕ ‘ಮಿತ್ರವಿಂದಾ ಗೋವಿಂದ’. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರು (1673–1704) ಆಳುತ್ತಿದ್ದ ಕಾಲದಲ್ಲಿ ಅವರ ಆಸ್ಥಾನದ ಸಿಂಗರಾರ್ಯ ಇದನ್ನು ಬರೆದ. ಅದರ ಹಂದರ ಹರ್ಷನ ‘ರತ್ನಾವಳಿ’ಯದು. ರತ್ನಾವಳಿಯಾದರೋ ನೇಪಥ್ಯವನ್ನು ಚೆನ್ನಾಗಿ ದುಡಿಸಿಕೊಂಡ ನಾಟಕ. ಎರಡನೆಯ ಅಂಕದಲ್ಲಿ ಕೋತಿಯೊಂದು ಲಾಯದಿಂದ ತಪ್ಪಿಸಿಕೊಂಡ ಸುದ್ದಿ ತೆರೆಯ ಹಿಂದಿನ ಗದ್ದಲವಾಗಿ ಬರುತ್ತದೆ. ರಂಗದ ಮೇಲಿದ್ದ ಹೆಂಗಸರು ಬೆದರಿ ಓಡುತ್ತಾರೆ, ಅಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. ಕೋತಿಯನ್ನು ತಂದು ತೋರಿಸುವ ತಾಪತ್ರಯವೇ ಇಲ್ಲ.

ಆಸ್ಥಾನದ ಆಚೆ, ಹಳ್ಳಿಗಳಲ್ಲಿ ಬೇರೆಯದೇ ಪದ್ಧತಿ ಇತ್ತು. ನಾಗಮಂಗಲದ ಸುತ್ತಿನ ಮೂಡಲಪಾಯ ಬಯಲಾಟದಲ್ಲಿ ವೇಷಧಾರಿಗಳು ಚೌಕಿ ಎಂಬ ಬಣ್ಣದ ಮನೆಯಲ್ಲಿ ಸಿದ್ಧರಾಗಿ ರಂಗಕ್ಕೆ ಬರುತ್ತಿದ್ದರು. ಇಬ್ಬರು ಹಿಡಿದ ತೆರೆ ಬಿಟ್ಟರೆ ಮುಚ್ಚಿಡುವುದಕ್ಕೆ ಏನೂ ಇರುತ್ತಿರಲಿಲ್ಲ. ಬಂದವರು ಯಾರು, ಯಾವ ಊರು, ಬಂದ ಕಾರಣವೇನು ಎಂದು ಆಟ ನಡೆಸುವ ಸಾರಥಿ ವಿಚಾರಿಸುತ್ತಿದ್ದ. ಆ ಪ್ರಶ್ನೋತ್ತರದಲ್ಲೇ ಹಸ್ತಿನಾವತಿಯೋ ಲಂಕೆಯೋ ನೋಡುವವರ ಮನಸ್ಸಿನಲ್ಲಿ ಎದ್ದು ನಿಲ್ಲುತ್ತಿತ್ತು. ರಂಗದಾಚೆಯ ಲೋಕವನ್ನು ಪಾತ್ರವೇ ಮಾತಿನಲ್ಲಿ ಹೊತ್ತು ತರುತ್ತಿದ್ದ ಕಾಲ ಅದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರ್ಸಿ ಕಂಪನಿಗಳ ಪ್ರಭಾವದಿಂದ ಬಣ್ಣದ ಪರದೆ, ಸೈಡ್ ವಿಂಗ್‌ಗಳು ಬಂದವು. ಕಂಪನಿಗಳ ಓಡಾಟಕ್ಕೆ ಅನುಕೂಲವಾಗುವಂತೆ ಬೆಂಗಳೂರಿನ ರೈಲು 1882ರ ಹೊತ್ತಿಗೆ ಮದ್ದೂರು, ಮಂಡ್ಯಗಳನ್ನು ಹಾದು ಮೈಸೂರು ಮುಟ್ಟಿತ್ತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಈ ಸೀಮೆಯಿಂದಲೂ ಕಲಾವಿದರು ವೃತ್ತಿರಂಗಕ್ಕೆ ಹೋದರು. ಮಳವಳ್ಳಿ ಸುಂದರಮ್ಮ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದರು. ಆದರೆ ಕಂಪನಿಗಳ ಒಲವು ಎಲ್ಲವನ್ನೂ ಕಣ್ಣೆದುರು ತಂದು ನಿಲ್ಲಿಸುವುದರಲ್ಲಿತ್ತು. 1934ರಲ್ಲಿ ಗುಬ್ಬಿ ವೀರಣ್ಣನವರು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಆಡಿಸಿದಾಗ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ನೋಡುವವರಿಗೆ ಊಹಿಸುವ ಕೆಲಸ ಉಳಿಯಲಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಅದೇ ಕಾಲದಲ್ಲಿ ತೆರೆದವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ಬಿ.ಎಂ.ಶ್ರೀ. ಅವರ ಮನೆತನದ ಬೆಳ್ಳೂರು ನಾಗಮಂಗಲ ತಾಲ್ಲೂಕಿನಲ್ಲಿದೆ. ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ (1926) ಮಾಡಿದ ಮೇಲೆ ಅವರು ಗ್ರೀಕ್ ರುದ್ರನಾಟಕಗಳ ಕಡೆ ಹೊರಳಿ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ಕೊಟ್ಟರು. ಗ್ರೀಕರಲ್ಲಿ ಕೊಲೆ, ಕಾಳಗಗಳು ಸಾಮಾನ್ಯವಾಗಿ ರಂಗದಾಚೆ ನಡೆಯುತ್ತವೆ. ದೂತ ಬಂದು ಹೇಳುತ್ತಾನೆ, ಮೇಳ ಕೇಳಿ ಮರುಗುತ್ತದೆ. ಈಸ್ಕಿಲಸ್‌ನ ನಾಟಕದ ಅನುವಾದವಾದ ‘ಪಾರಸಿಕರು’ ಇದಕ್ಕೆ ತಕ್ಕ ಉದಾಹರಣೆ. ರಂಗದ ಮೇಲಿರುವುದು ಪರ್ಷಿಯಾದ ರಾಜಧಾನಿ. ದೂರದ ಸಲಾಮಿಸ್ ಕಡಲಲ್ಲಿ ಮುಳುಗಿದ ಹಡಗುಗಳೆಲ್ಲ ದೂತನ ಬಾಯಲ್ಲಿವೆ. ಸೋತವರ ಮನೆಯಲ್ಲಿ ಕೂತು ಯುದ್ಧದ ಸುದ್ದಿ ಕೇಳುವ ಸಂಕಟವನ್ನು ಯಾವ ಆನೆ ಕುದುರೆಯೂ ತೋರಿಸಲಾರದು. ಕನ್ನಡದ ಆಧುನಿಕ ನಾಟಕ ಕಲಿತ ಬಹು ದೊಡ್ಡ ಪಾಠಗಳಲ್ಲಿ ಇದೊಂದು.

ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಇದೇ ಜಾಗವನ್ನು ಗೀತನಾಟಕಕ್ಕೆ ಬಳಸಿಕೊಂಡರು. ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣನನ್ನು ಕರೆಯುತ್ತಿರುವುದು ಮಥುರೆ. ನಾಟಕವೆಲ್ಲ ಗೋಕುಲದ್ದೇ ಆದರೂ ಆ ದೂರದ ಊರಿನ ಭಾರ ಪ್ರತಿಯೊಬ್ಬರ ಮೇಲೂ ಬಿದ್ದಿರುತ್ತದೆ. ಬಿ.ವಿ. ಕಾರಂತರು ನೀನಾಸಂ ತಿರುಗಾಟಕ್ಕೆ ಇದನ್ನು ಆಡಿಸಿದ ಮೇಲೆ ಓದುಗಬ್ಬವೆಂದು ಪಕ್ಕಕ್ಕಿಟ್ಟಿದ್ದ ಕೃತಿಯ ರಂಗಶಕ್ತಿ ಎಲ್ಲರಿಗೂ ತಿಳಿಯಿತು. ಪಶ್ಚಿಮದಲ್ಲಿ ಚೆಕಾವ್ 1904ರ ‘ಚೆರ್ರಿ ತೋಟ’ವನ್ನು ಮುಗಿಸಿದ್ದೂ ಹೊರಗಿನಿಂದ ಕೇಳುವ ಕೊಡಲಿಯ ಸದ್ದಿನಿಂದ, ತೋಟ ಉರುಳುವುದು ಕಾಣುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳು ಎಲ್ಲವನ್ನೂ ತೋರಿಸುವ ಮತ್ತು ತೋರಿಸದೆ ಕೇಳಿಸುವ ಈ ಎರಡೂ ದಾರಿಗಳ ನಡುವೆ ತಮ್ಮದೇ ಆದ ರಂಗಭೂಮಿಯನ್ನು ಕಟ್ಟಿಕೊಂಡವು. ಕನ್ನಂಬಾಡಿಯ ನಾಲೆ ನೀರು ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಕಬ್ಬಿನ ದುಡ್ಡು ಕಂಡ ರೈತರು ಕಂಪನಿ ನಾಟಕಗಳನ್ನು ತಾವೇ ಆಡತೊಡಗಿದರು. ‘ಕುರುಕ್ಷೇತ್ರ’, ‘ದಕ್ಷಯಜ್ಞ’, ‘ರಾಜಾ ಸತ್ಯವ್ರತ’ ಇಂದಿಗೂ ಅವರ ಅಚ್ಚುಮೆಚ್ಚಿನವು. ಪಾತ್ರಕ್ಕೆ ಇಷ್ಟೆಂದು ವಂತಿಗೆ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ನಡೆಯುತ್ತದೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿಯರ ಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ.

ನಾಟಕದ ರಾತ್ರಿ ಪರದೆಯ ಹಿಂದೆ ಹೋದರೆ ಇನ್ನೊಂದು ಕುರುಕ್ಷೇತ್ರವೇ ಕಾಣುತ್ತದೆ. ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವ ರೂಢಿಯಿಂದಾಗಿ ಮೊದಲ ಕೃಷ್ಣ ರಂಗದ ಮೇಲೆ ಹಾಡುತ್ತಿದ್ದರೆ, ಮುಂದಿನ ಕೃಷ್ಣ ಇಲ್ಲಿ ಕಿರೀಟ ಕಟ್ಟಿಸಿಕೊಳ್ಳುತ್ತ ತನ್ನ ಕಂದಪದ್ಯವನ್ನು ಗುನುಗುತ್ತಿರುತ್ತಾನೆ. ಮಕ್ಕಳು ತೆರೆಯ ಸಂದಿಯಲ್ಲಿ ಇಣುಕುತ್ತಾರೆ, ಹಾರ ಹಾಕಲು ಬಂದ ನೆಂಟರು ಸರದಿಗೆ ಕಾಯುತ್ತಾರೆ. ರಂಗದ ಅಂಚಿನಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಮೇಷ್ಟ್ರು ಒಳಗೂ ಹೊರಗೂ ಸೇರಿದವರು. ಶ್ರುತಿ ಕೊಡುವವರು, ಮಾತು ಮರೆತವನಿಗೆ ಮೊದಲ ಪದ ಎತ್ತಿಕೊಡುವವರು, ತಡವಾದರೆ ಹಾಡು ಮೊಟಕು ಮಾಡುವಂತೆ ಕಣ್ಣಲ್ಲೇ ತಿಳಿಸುವವರು ಅವರೇ. ಹದಿನೆಂಟು ಅಕ್ಷೋಹಿಣಿಯಲ್ಲಿ ರಂಗದ ಮೇಲಿರುವುದು ಗದೆ ಹಿಡಿದ ಇಬ್ಬರು. ಉಳಿದ ಸೈನ್ಯವೆಲ್ಲ ತಬಲದ ಬಡಿತದಲ್ಲಿ, ಈಚೆಗೆ ಕೀಬೋರ್ಡು, ರಿದಂ ಪ್ಯಾಡುಗಳ ಸದ್ದಿನಲ್ಲಿ ಇರುತ್ತದೆ. ಆನೆ ತರಿಸಲಾರದ ಹಳ್ಳಿಯವರು ಬಡತನದಿಂದಲೇ ಇದನ್ನು ಕಂಡುಕೊಂಡಿರಬಹುದು. ಆದರೆ ಬಿ.ಎಂ.ಶ್ರೀ ಗ್ರೀಕರಿಂದ ತಂದ ತತ್ವಕ್ಕೆ ಇದು ತೀರ ಹತ್ತಿರದ್ದು.

ಬೆಳಕಿನ ಕಥೆಯೂ ಸಣ್ಣದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳ ನಾಟಕ ಬಹುಕಾಲ ಗ್ಯಾಸ್‌ಲೈಟಿನಲ್ಲೇ ನಡೆಯಿತು. ಕರೆಂಟು ಬಂದ ಮೇಲೆ ಬೆಳಕು ಆರಿಸಿ ರಂಗದ ಒಂದು ಭಾಗವನ್ನೇ ಮರೆ ಮಾಡುವುದು ಸುಲಭವಾಯಿತು.

ಇಷ್ಟಿದ್ದರೂ ಹಲವು ಊರುಗಳಲ್ಲಿ ಸರ್ಕಾರದ ಹಣದಿಂದ ಎದ್ದ ಬಯಲು ರಂಗಮಂದಿರಗಳಲ್ಲಿ ಎತ್ತರದ ಕಟ್ಟೆ, ಹಿಂದೊಂದು ಗೋಡೆ, ಮೇಲೊಂದು ಸೂರು ಬಿಟ್ಟರೆ ಬೇರೇನಿಲ್ಲ. ಪಕ್ಕದಲ್ಲಿ ನಿಲ್ಲಲು ಎಡೆಯಿಲ್ಲ, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಕೋಣೆಯಿಲ್ಲ, ಎಡದಿಂದ ಬಲಕ್ಕೆ ಕಾಣದಂತೆ ದಾಟಲು ದಾರಿಯಿಲ್ಲ. ಇನ್ನು ಮುಂದೆ ರಂಗಮಂದಿರ ಕಟ್ಟುವ ಪಂಚಾಯಿತಿಗಳು ಮುಂಭಾಗದ ಕಮಾನಿಗೆ ಹಣ ಸುರಿಯುವ ಮೊದಲು ಊರಿನ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಹಿಂಭಾಗಕ್ಕೆ ಎಷ್ಟು ಜಾಗ ಬೇಕೆಂದು ಕೇಳಲಿ.