ಓದಿಹೇಳುವವರು, ಬರೆದುಕೊಡುವವರು: ಸಂಪರ್ಕಸಾಧನಗಳೂ ಕನ್ನಡನಾಡಿನ ತಲೆಮಾರುಗಳೂ

ಹೊಸ ಯಂತ್ರವೊಂದು ಬಳಕೆಗೆ ಬಂದಾಗ ಕಿರಿಯರು ಅದನ್ನು ಒಲಿದು ಸ್ವೀಕರಿಸುವರು, ಹಿರಿಯರು ಶಂಕಿಸಿ ದೂರ ನಿಲ್ಲುವರು ಎಂಬ ಮಾತು ಈಚೆಗೆ ಸಿದ್ಧಾಂತದ ಗೌರವವನ್ನೇ ಪಡೆದಿದೆ. ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ೨೦೦೧ರಲ್ಲಿ, ಗಣಕಯಂತ್ರದೊಡನೆ ಬೆಳೆದವರನ್ನು ಆ ಲೋಕದ ಮೂಲನಿವಾಸಿಗಳೆಂದೂ ಅವರಿಗಿಂತ ಹಿರಿಯರನ್ನು ವಲಸೆ ಬಂದವರೆಂದೂ ವಿಂಗಡಿಸಿದ ಮೇಲೆ ಈ ಮಾತಿಗೆ ಶಾಸ್ತ್ರದ ಮುದ್ರೆಯೂ ಬಿದ್ದಿತು. ಆದರೆ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ ೧೯೨೮ರಷ್ಟು ಹಿಂದೆಯೇ ಎಚ್ಚರಿಸಿದ್ದಂತೆ, ಹುಟ್ಟಿದ ವರ್ಷವೊಂದೇ ತಲೆಮಾರನ್ನು ನಿರ್ಮಿಸುವುದಿಲ್ಲ. ಎಳೆಯ ವಯಸ್ಸಿನಲ್ಲಿ ಒಂದೇ ಬಗೆಯ ಚಾರಿತ್ರಿಕ ಅನುಭವಕ್ಕೆ ಒಳಗಾದವರು ಮಾತ್ರ ಒಂದು ತಲೆಮಾರಾಗುತ್ತಾರೆ. ಹೀಗಿರಲು, ಇಂದು ಅಂತರ್ಜಾಲದ ಮುಂದೆ ಹಿಂಜರಿಯುವರೆನ್ನಲಾದ ನಮ್ಮ ಹಿರಿಯರ ಅನುಭವ ಯಾವ ಬಗೆಯದಾಗಿತ್ತು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

೧೯೫೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರ ಪ್ರಮಾಣ ಶೇಕಡಾ ೧೮.೩೩ ಮಾತ್ರ. ಆದರೂ ಅಂಚೆಯು ಹಳ್ಳಿಹಳ್ಳಿಯನ್ನೂ ಮುಟ್ಟಿತ್ತು. ಓದಲಾರದವರು ಕಾಗದವನ್ನು ಹೇಗೆ ಬಳಸಿದರೆಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ತಿಳಿದದ್ದೇ: ಅಂಚೆಯವನು ಓದಿಹೇಳುತ್ತಿದ್ದನು, ಶಾಲೆಯ ಮೇಷ್ಟರು ಬರೆದುಕೊಡುತ್ತಿದ್ದರು. ತಂತಿಯ ವಿಷಯವೂ ಹೀಗೆಯೇ. ‘ತಂತಿ ಬಂತು’ ಎಂದರೆ ಮನೆಯಲ್ಲಿ ಎದೆ ನಡುಗುತ್ತಿದ್ದುದು ಯಂತ್ರದ ಭಯದಿಂದಲ್ಲ, ಅದು ತರುತ್ತಿದ್ದ ಸುದ್ದಿ ಬಹುಮಟ್ಟಿಗೆ ಸಾವಿನದಾಗಿದ್ದುದರಿಂದ. ಸಾರ್ವಜನಿಕರಿಗೆ ೧೮೫೫ರಲ್ಲಿ ತೆರೆದ ತಂತಿ ಸೇವೆಯನ್ನು ೨೦೧೩ರ ಜುಲೈಯಲ್ಲಿ ನಿಲ್ಲಿಸಲಾಯಿತು. ಈ ನೂರೈವತ್ತೆಂಟು ವರ್ಷಗಳಲ್ಲಿ ತಂತಿಯ ಸಂಕೇತಭಾಷೆಯನ್ನು ಬಲ್ಲ ಗಿರಾಕಿ ಅಪರೂಪ. ಬಲ್ಲವನು ಕಚೇರಿಯಲ್ಲಿ ಕುಳಿತಿದ್ದನು, ಅಷ್ಟೇ ಸಾಕಾಗಿತ್ತು.

ರೇಡಿಯೋ ಬಂದಾಗ ಹಿರಿಯರು ಅದನ್ನು ಸ್ವಾಗತಿಸಿದ ಬಗೆಯು ಮೇಲಿನ ಸಿದ್ಧಾಂತಕ್ಕೆ ನೇರವಾಗಿ ವಿರುದ್ಧವಾಗಿದೆ. ಮೈಸೂರಿನಲ್ಲಿ ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಹೊರತು ಯಂತ್ರದ ಹುಚ್ಚು ಹಿಡಿದ ಹುಡುಗರಲ್ಲ. ಮುಂದೆ ಪಂಚಾಯತಿಯ ಕಟ್ಟಡಗಳಲ್ಲಿ ಸಾರ್ವಜನಿಕ ರೇಡಿಯೋಗಳನ್ನು ಇರಿಸಿದಾಗ, ಅದರ ಸುತ್ತ ಸಂಜೆ ನೆರೆಯುತ್ತಿದ್ದವರಲ್ಲಿ ಮುದುಕರು ಕಡಮೆಯಾಗಿರಲಿಲ್ಲ. ಗುಂಡಿಯನ್ನು ತಿರುಗಿಸುವ ಹೊಣೆ ಪಂಚಾಯತಿಯ ಒಬ್ಬ ನೌಕರನದು, ಕೇಳುವುದು ಊರಿನದು.

೧೯೮೪ರಲ್ಲಿ ಸಿ-ಡಾಟ್ ಸಂಸ್ಥೆಯ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ಹಳದಿ ಫಲಕದ ಟೆಲಿಫೋನ್ ಬೂತುಗಳು ಬೀದಿಬೀದಿಗೂ ಬಂದುವು. ಮುಂಬಯಿಯಲ್ಲಿದ್ದ ಮಗನ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದ ತಾಯಿ ಆ ಚೀಟಿಯನ್ನು ಬೂತಿನವನ ಕೈಗೆ ಕೊಡುತ್ತಿದ್ದಳು. ಬೂತಿನವನು ಅಂಕಿಗಳನ್ನು ಒತ್ತಿ, ಗಂಟೆ ಬಾರಿಸಿದ ಮೇಲೆ ರಿಸೀವರನ್ನು ಕೊಟ್ಟು, ಕೊನೆಗೆ ಮುದ್ರಿತ ಚೀಟಿಯನ್ನು ನೋಡಿ ಹಣ ಪಡೆಯುತ್ತಿದ್ದನು. ಈ ತಾಯಿ ದೂರವಾಣಿಯನ್ನು ಬಳಸಿದಳೇ ಇಲ್ಲವೇ? ಬಳಸಿದಳೆಂದೇ ಹೇಳಬೇಕು.

ಈ ಮಧ್ಯಸ್ಥರನ್ನು ಆದರ್ಶೀಕರಿಸಲು ಕಾರಣವಿಲ್ಲ. ಅವರ ಅಧಿಕಾರ ಎಷ್ಟು ಭಾರವಾಗಬಹುದೆಂಬುದಕ್ಕೆ ಪಹಣಿಯ ಚರಿತ್ರೆಯೇ ಸಾಕ್ಷಿ. ಹಳ್ಳಿಯ ಜಮೀನಿನ ದಾಖಲೆಗಳು ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿದ್ದುವು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯ ತರುವಾಯ ಅವು ಗ್ರಾಮಲೆಕ್ಕಿಗರ ಕೈಗೆ ಬಂದುವು. ಪುಸ್ತಕ ಒಂದೇ, ಅದನ್ನು ತೆರೆಯುವವನೂ ಒಬ್ಬನೇ ಆದುದರಿಂದ ನಕಲಿಗಾಗಿ ಕಾಯುವುದು, ಕೈಬೆಚ್ಚಗೆ ಮಾಡುವುದು ರೈತನಿಗೆ ತಪ್ಪಿದ್ದಲ್ಲ. ಪ್ರಸ್ತುತ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿಗೆ ಪಹಣಿಯ ನಕಲು ದೊರೆಯಲಾರಂಭಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಜಮೀನು ಸಾಮಾನ್ಯವಾಗಿ ಮನೆಯ ಹಿರಿಯನ ಹೆಸರಿನಲ್ಲಿರುವುದರಿಂದ ಕನ್ನಡನಾಡಿನ ಗ್ರಾಮಾಂತರದಲ್ಲಿ ಗಣಕಯಂತ್ರದ ಮೊದಲ ದೊಡ್ಡ ಗಿರಾಕಿವರ್ಗ ಯುವಕರಲ್ಲ, ವಯಸ್ಸಾದ ರೈತರು. ಇಲ್ಲಿಯೂ ಅವರು ಕೀಲಿಮಣೆಯನ್ನು ಮುಟ್ಟಲಿಲ್ಲ. ಕಿಟಕಿಯ ಆಚೆ ಕುಳಿತವನು ಮುಟ್ಟಿದನು. ಲೆಕ್ಕಿಗನ ಮನೆಬಾಗಿಲಿಗೆ ಬದಲಾಗಿ ತಾಲ್ಲೂಕಿನವರೆಗೆ ಬಸ್ಸಿನ ಪ್ರಯಾಣ ಬಂದಿತೆಂಬುದೂ, ಆ ಪ್ರಯಾಣಕ್ಕೆ ಒಂದು ದಿನದ ಕೂಲಿ ಕಳೆಯಿತೆಂಬುದೂ ಲೆಕ್ಕಕ್ಕೆ ಬರಬೇಕಾದ ಸಂಗತಿಗಳೇ. ಆದರೂ ಗಣಕಯಂತ್ರವನ್ನು ಕುರಿತು ಹಿರಿಯ ತಲೆಮಾರಿಗೆ ಸಹಜವಾದ ಅಂಜಿಕೆಯೊಂದು ಇತ್ತೆಂಬ ಊಹೆ ಈ ಕಿಟಕಿಯ ಮುಂದೆ ನಿಲ್ಲಲಾರದು.

ಅಂತರ್ಜಾಲ ಮಾತ್ರ ಬೇರೆ ಬಾಗಿಲಿನಿಂದ ಪ್ರವೇಶಿಸಿತು. ೧೯೯೫ರ ಆಗಸ್ಟ್ ೧೫ರಂದು ವಿದೇಶ್ ಸಂಚಾರ ನಿಗಮವು ಅದನ್ನು ಸಾರ್ವಜನಿಕರಿಗೆ ತೆರೆಯಿತು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿಯೊಡನೆ ಅಂತರ್ಜಾಲವನ್ನೂ ಒದಗಿಸುವ ಅಂಗಡಿ ಆರಂಭವಾಯಿತು. ಗಂಟೆಯ ಲೆಕ್ಕದ ಬಾಡಿಗೆ, ಇಂಗ್ಲಿಷಿನ ಪರದೆ, ಒಬ್ಬೊಬ್ಬರಿಗೆ ಒಂದೊಂದು ಮರೆ. ನೌಕರಿಯ ಅರ್ಜಿ, ಪರೀಕ್ಷೆಯ ಫಲಿತಾಂಶಗಳಿಗಾಗಿ ಇಲ್ಲಿ ಕುಳಿತವರು ತಾವೇ ಒತ್ತಿ, ತಾವೇ ತಪ್ಪಿ, ತಾವೇ ತಿದ್ದಿಕೊಂಡು ಕಲಿತರು. ಹಿರಿಯರಿಗೆ ಅಲ್ಲಿಗೆ ಹೋಗುವ ಪ್ರಯೋಜನವಾದರೂ ಏನಿತ್ತು? ಪ್ರಯೋಜನ ಕಂಡವರು ವಯಸ್ಸಿನ ಗೊಡವೆಗೆ ಹೋಗಲಿಲ್ಲ. ಇಂದು ಕನ್ನಡದಲ್ಲಿ ಬೆರಳಚ್ಚು ಮಾಡುವ ಕಿರಿಯರಲ್ಲಿ ಅನೇಕರು ಬಳಸುವ ಕೀಲಿಮಣೆಯ ವಿನ್ಯಾಸದ ಹಿಂದಿರುವ ಕೆ. ಪಿ. ರಾವ್ ಅವರು ೧೯೪೦ರಲ್ಲಿ ಜನಿಸಿದವರು.

ನಿಜವಾದ ಬಿರುಕು ಕಾಣಿಸಿಕೊಂಡದ್ದು ೨೦೧೬ರಿಂದ ಈಚೆಗೆಂದು ನನ್ನ ಅಭಿಪ್ರಾಯ. ಆ ವರ್ಷದ ಏಪ್ರಿಲ್‌ನಲ್ಲಿ ಮೊಬೈಲಿನ ಮೂಲಕ ಹಣ ಪಾವತಿಸುವ ಯುಪಿಐ ವ್ಯವಸ್ಥೆ, ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯೊಡನೆ ಅಗ್ಗದ ಅಂತರ್ಜಾಲ, ನವೆಂಬರ್ ೮ರಂದು ದೊಡ್ಡ ನೋಟುಗಳ ರದ್ದತಿ ಒಂದರ ಬೆನ್ನಿಗೊಂದು ಬಂದುವು. ಅಂಚೆಯವನು, ಬೂತಿನವನು, ಬ್ಯಾಂಕಿನ ಗುಮಾಸ್ತ ಇವರೆಲ್ಲರ ಕೆಲಸವೂ ಅಂಗೈಯಗಲದ ಗಾಜಿನೊಳಗೆ ಸೇರಿಹೋಯಿತು. ವೃತ್ತಿಯಿಂದ ಮಧ್ಯಸ್ಥರಾಗಿದ್ದವರು ಸರಿದ ಕಡೆ ಮೊಮ್ಮಗ ಬಂದು ನಿಂತನು. ಅಂಚೆಯವನಿಗೆ ಕಾಗದ ಕೊಡುವಾಗ ಅಜ್ಜನು ಅಜ್ಜನಾಗಿಯೇ ಉಳಿಯುತ್ತಿದ್ದನು. ಮೊಮ್ಮಗನಿಗೆ ತನ್ನ ಪಿಂಚಣಿಯ ಗುಪ್ತಸಂಖ್ಯೆಯನ್ನು ಹೇಳಿ, ‘ಎಷ್ಟು ಸಲ ಹೇಳಿಕೊಡಬೇಕು?’ ಎನ್ನಿಸಿಕೊಳ್ಳುವಾಗ ಮನೆಯ ಮರ್ಯಾದೆಯ ಕ್ರಮವೇ ತಲೆಕೆಳಗಾಗುತ್ತದೆ. ಹಿರಿಯರ ‘ನಮಗೆ ಅದೆಲ್ಲ ಬೇಡಪ್ಪ’ ಎಂಬ ಮಾತನ್ನು ಯಂತ್ರದ್ವೇಷವೆಂದು ಓದುವವರು ಈ ಅಂಶವನ್ನು ಗಮನಿಸಿದಂತೆ ತೋರುವುದಿಲ್ಲ. ಮಂಜಾದ ಕಣ್ಣಿಗೆ ಸಣ್ಣಕ್ಷರ ಕಾಣದೆಂಬ ಸರಳ ಕಾರಣವೂ ಇದೆ. ಭಯಕ್ಕೂ ಆಧಾರವಿಲ್ಲದಿಲ್ಲ. ಪೊಲೀಸರ ವೇಷದಲ್ಲಿ ಪರದೆಯ ಮೇಲೆ ಕಾಣಿಸಿಕೊಂಡು ‘ಡಿಜಿಟಲ್ ಬಂಧನ’ವೆಂದು ಬೆದರಿಸಿ ಹಣ ದೋಚುವ ವಂಚನೆಯನ್ನು ಕುರಿತು ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ರೇಡಿಯೋ ಭಾಷಣದಲ್ಲಿ ಎಚ್ಚರಿಕೆ ನೀಡಬೇಕಾಯಿತು. ಅಂತಹ ಕರೆ ಬಂದ ಗಳಿಗೆಯಲ್ಲಿ ‘ಇದೇನಪ್ಪ, ಸ್ವಲ್ಪ ನೋಡು’ ಎಂದು ಕೇಳಲು ಪಕ್ಕದಲ್ಲಿ ಬೂತಿನವನಿರುವುದಿಲ್ಲ.

ಸರಕಾರವು ಈ ವ್ಯತ್ಯಾಸವನ್ನು ತನ್ನ ರೀತಿಯಲ್ಲಿ ಅರಿತಿದೆ. ೨೦೨೧ರ ಮೇ ೧ರಿಂದ ಹದಿನೆಂಟರಿಂದ ನಲವತ್ತನಾಲ್ಕು ವರ್ಷದವರಿಗೆ ಕೋವಿಡ್ ಲಸಿಕೆಯನ್ನು ತೆರೆದಾಗ ಅವರು ಮೊದಲು ಅಂತರ್ಜಾಲದಲ್ಲಿ ಹೆಸರು ನೋಂದಾಯಿಸಲೇಬೇಕೆಂದು ವಿಧಿಸಿ, ನಲವತ್ತೈದು ದಾಟಿದವರು ನೇರವಾಗಿ ಲಸಿಕಾ ಕೇಂದ್ರಕ್ಕೆ ಬರಬಹುದೆಂದಿತು. ವಯಸ್ಸಿನ ಗೆರೆಯೊಂದನ್ನೇ ನೋಡಿದ ಈ ನಿಯಮದಲ್ಲಿ, ಮೊಬೈಲಿಲ್ಲದ ಇಪ್ಪತ್ತರ ಕೂಲಿಯ ಹುಡುಗಿಗೆ ಸ್ಥಳವಿರಲಿಲ್ಲ. ೨೦೨೩ರಲ್ಲಿ ಕುಟುಂಬದ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆ ಬಂದಾಗ ನೋಂದಣಿ ನಡೆದದ್ದು ಗ್ರಾಮ ಒನ್, ಕರ್ನಾಟಕ ಒನ್ ಮೊದಲಾದ ಕೇಂದ್ರಗಳಲ್ಲಿ. ಪಡಿತರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅಜ್ಜಿಯರು ಅವನ್ನು ಕೇಂದ್ರದವನ ಮುಂದೆ ಇರಿಸಿದರು. ಅವನು ಕೇಳಿಕೇಳಿ ಬರೆದುಕೊಂಡನು.