ಕುದುರೆ ಏರುವಿಕೆ: ದಾರಿಯ ಸವಾರಿಯಲ್ಲಿ

ಕಾಡುಹಾದಿ, ಗುಡ್ಡಗಾಡುಗಳಲ್ಲಿ ಗಂಟೆಗಟ್ಟಲೆ ಸಾಗುವ ಟ್ರೇಲ್ ರೈಡಿಂಗ್‌ನಲ್ಲಿ ನಡುದಾರಿಯಲ್ಲಿ ಇಳಿದವರು ಮತ್ತೆ ಕುದುರೆ ಹತ್ತುವ ಕ್ರಮ. ಲಾಯದ ಬಳಿ ಹತ್ತಲು ಮೆಟ್ಟಿಲುಕಟ್ಟೆ ಇರುತ್ತದೆ. ಗೊರಸಿಗೆ ಸಿಕ್ಕಿದ ಕಲ್ಲು ತೆಗೆಯಲೋ ಕಡಿದಾದ ಇಳಿಜಾರನ್ನು ನಡೆದು ದಾಟಲೋ ದಾರಿಯಲ್ಲಿ ಇಳಿದವರಿಗೆ ಆ ಅನುಕೂಲವಿಲ್ಲ. ಸುತ್ತಲಿನ ನೆಲವನ್ನೇ ಕಟ್ಟೆಯಾಗಿ ಬಳಸಿಕೊಳ್ಳಬೇಕಾಗುತ್ತದೆ.

ಕುದುರೆಯ ಎತ್ತರವನ್ನು ನೆಲದಿಂದ ಹೆಗಲ ಉಬ್ಬಿನವರೆಗೆ, 4 ಅಂಗುಲದ ‘ಹ್ಯಾಂಡ್’ ಎಂಬ ಮಾನದಲ್ಲಿ ಅಳೆಯುತ್ತಾರೆ. 15 ಹ್ಯಾಂಡ್ ಕುದುರೆಯ ಹೆಗಲು ಸುಮಾರು 152 ಸೆಂ.ಮೀ. ಎತ್ತರದಲ್ಲಿರುತ್ತದೆ. ಇಷ್ಟೆತ್ತರಕ್ಕೆ ಸಮನೆಲದಿಂದ, ರೂಢಿಯಂತೆ ಎಡಬದಿಯಿಂದ ಹತ್ತುವಾಗ ಸವಾರನ ಭಾರವೆಲ್ಲ ಎಡ ರಿಕಾಪಿನ (ಪಾದವಿಡುವ ಬಳೆಯ) ಮೇಲೆ ಬೀಳುವುದರಿಂದ ಜೀನು ಎಡಕ್ಕೆ ಜಗ್ಗಿ, ಹೆಗಲ ಬಲಬದಿಯನ್ನು ಒತ್ತುತ್ತದೆ. ಇದು ಮತ್ತೆ ಮತ್ತೆ ಆದರೆ ಕುದುರೆಯ ಬೆನ್ನು ನೋಯುತ್ತದೆ. ಸವಾರ ಕಾಲಿಡುತ್ತಲೇ ಕುದುರೆ ಮುಂದೆ ಸರಿಯುವುದನ್ನು ರೂಢಿ ಮಾಡಿಕೊಳ್ಳಬಹುದು.

ಇತಿಹಾಸ: ರಿಕಾಪು ಇಲ್ಲದಿದ್ದ ಕಾಲದ ಗ್ರೀಕ್ ಲೇಖಕ ಕ್ಸೆನೊಫನ್ (ಕ್ರಿ.ಪೂ. 4ನೆಯ ಶತಮಾನ), ಒಡೆಯ ಮುದುಕನಾದಾಗ ಅಥವಾ ಕಾಯಿಲೆಬಿದ್ದಾಗ ಪರ್ಷಿಯನ್ನರ ರೀತಿಯಲ್ಲಿ ಕಾಲೆತ್ತಿ ಕುದುರೆ ಹತ್ತಿಸುವುದನ್ನು ಕುದುರೆಯಾಳು ಕಲಿತಿರಬೇಕು ಎಂದಿದ್ದಾನೆ. ರೋಮಿನ ಜನನಾಯಕ ಗೇಯಸ್ ಗ್ರಾಕಸ್ ಕ್ರಿ.ಪೂ. 2ನೆಯ ಶತಮಾನದಲ್ಲಿ ರಸ್ತೆಯ ಎರಡೂ ಬದಿ ಕಲ್ಲುಗಳನ್ನು ನೆಡಿಸಿ, ಸವಾರರು ಆಳಿನ ನೆರವಿಲ್ಲದೆ ಕುದುರೆ ಹತ್ತುವಂತೆ ಮಾಡಿದನೆಂದು ಜೀವನಚರಿತ್ರಕಾರ ಪ್ಲುಟಾರ್ಕ್ ಬರೆದಿದ್ದಾನೆ. ಚೀನದ ಚಾಂಗ್‌ಷಾದಲ್ಲಿ ಕ್ರಿ.ಶ. 302ರ ಗೋರಿಯೊಂದರಲ್ಲಿ ದೊರೆತ ಸವಾರರ ಗೊಂಬೆಗಳಲ್ಲಿ ಎಡಬದಿಗೆ ಮಾತ್ರ ಗಿಡ್ಡ ರಿಕಾಪಿದೆ. ಅದು ಹತ್ತಲಿಕ್ಕಷ್ಟೇ ಬಳಕೆಯಾಗುತ್ತಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ.

ವಿಧಾನ: ದಿಣ್ಣೆ, ಬಂಡೆ, ಮರದ ಬೊಡ್ಡೆ, ದಾರಿಯಂಚಿನ ಬದು ಯಾವುದಾದರೂ ಆಗಬಹುದು. ಕೊಳೆತ ಮರವೋ ಅಲುಗುವ ಕಲ್ಲೋ ಎಂದು ಮೊದಲು ತುಳಿದು ನೋಡಬೇಕು. ಇಳಿಜಾರಿನಲ್ಲಿ ಕುದುರೆಯನ್ನು ತಗ್ಗಿನ ಕಡೆ ಅಡ್ಡಲಾಗಿ ನಿಲ್ಲಿಸಿ, ಸವಾರ ಏರಿನ ಕಡೆ ನಿಲ್ಲುತ್ತಾನೆ. ಏರು ಬಲಕ್ಕಿದ್ದರೆ ಬಲದಿಂದಲೇ ಹತ್ತಬೇಕಾದ್ದರಿಂದ ಎರಡೂ ಬದಿಗೆ ಕುದುರೆಯನ್ನು ಪಳಗಿಸಿರುವುದು ಒಳ್ಳೆಯದು.

ನಡೆದಂತೆ ಸಡಿಲವಾಗುವ ಹೊಟ್ಟೆಪಟ್ಟಿಯನ್ನು ಹತ್ತುವ ಮೊದಲು ಬಿಗಿಯುತ್ತಾರೆ. ಜೀನನ್ನು ಮೆಲ್ಲಗೆ ಎರಡು ಬಾರಿ ಅಲುಗಿಸಿದರೆ ಕುದುರೆ ಕಾಲುಗಳನ್ನು ಅಗಲಿಸಿ ಊರಿ ನಿಲ್ಲುತ್ತದೆ. ಎಡದಿಂದ ಹತ್ತುವಾಗ ಎಡಗೈಯಲ್ಲಿ ಲಗಾಮಿನ ಜೊತೆಗೆ ಒಂದು ಹಿಡಿ ಜೂಲು, ಬಲಗೈ ಜೀನಿನ ಮುಂಭಾಗದ ಮೇಲೆ. ಜೀನಿನ ಹಿಂಬದಿಯನ್ನು ಹಿಡಿದೆಳೆದರೆ ಅದು ತಿರುಚಿಕೊಳ್ಳುತ್ತದೆ. ರಿಕಾಪಿನಲ್ಲಿಟ್ಟ ಕಾಲಿನ ತುದಿ ಪಕ್ಕೆಗೆ ಚುಚ್ಚಬಾರದು. ಚುಚ್ಚಿದರೆ ಕುದುರೆ ಅದನ್ನು ಹೊರಡುವ ಸೂಚನೆಯೆಂದು ತಿಳಿಯುತ್ತದೆ. ನೆಲದ ಮೇಲಿನ ಕಾಲಿನಿಂದ ಪುಟಿದು, ಮೈಯನ್ನು ಜೀನಿಗೆ ಹತ್ತಿರವಿಟ್ಟು ಎದ್ದು, ದೊಪ್ಪನೆ ಬೀಳದೆ ನಿಧಾನವಾಗಿ ಕೂರಬೇಕು.

ಪೂರಕ ಉಪಾಯಗಳು: ಕಾಲು ಎಟುಕದವರು ರಿಕಾಪಿನ ಪಟ್ಟಿಯನ್ನು ಕೆಲವು ತೂತು ಕೆಳಗಿಳಿಸಿ, ಹತ್ತಿದ ಮೇಲೆ ಮೊದಲಿನಂತೆ ಮಾಡಿಕೊಳ್ಳುತ್ತಾರೆ. ಎಡದಿಂದ ಹತ್ತುವಾಗ ಸಂಗಡಿಗ ಬಲ ರಿಕಾಪನ್ನು ಕೆಳಕ್ಕೆ ಒತ್ತಿ ಹಿಡಿದರೆ ಜೀನು ಜಾರದು. ಗುಂಪಿನಲ್ಲಿ ಕೊನೆಯವರು ಹತ್ತಿ ಕೂರುವವರೆಗೆ ಯಾರೂ ಹೊರಡುವುದಿಲ್ಲ. ಜೊತೆಯ ಕುದುರೆಗಳು ನಡೆದುಬಿಟ್ಟರೆ ಉಳಿದದ್ದು ನಿಲ್ಲಲೊಲ್ಲದು.